ಆಫೀಸಿನ ಇ-ವೇಸ್ಟ್ ವಿಲೇವಾರಿ: ಸ್ಕ್ರ್ಯಾಪ್‌ನವರಿಗೆ ಫೋನ್ ಮಾಡುವ ಮೊದಲು ಮತ್ತು ಆಮೇಲೆ

ಸ್ಟೋರ್ ರೂಮಿನಲ್ಲಿ ಹಳೇ ಕಂಪ್ಯೂಟರ್ ತುಂಬಿ ಬಾಗಿಲು ಹಾಕೋಕೂ ಆಗದ ಸ್ಥಿತಿ ಬಂದಾಗ ಹೆಚ್ಚಿನ ಆಫೀಸುಗಳಲ್ಲಿ ಅಡ್ಮಿನ್‌ನವರು ಮಾಡುವ ಮೊದಲ ಕೆಲಸ ಒಂದೇ. ಗೊತ್ತಿರುವ ಸ್ಕ್ರ್ಯಾಪ್‌ನವರಿಗೆ ಫೋನ್ ಮಾಡಿ ‘ಕೆ.ಜಿ.ಗೆ ಎಷ್ಟು ಕೊಡ್ತೀರಾ?’ ಅಂತ ಕೇಳುವುದು. ಎಡವಟ್ಟು ಅಲ್ಲೇ ಶುರು. ಟೆಂಪೋ ಬರುತ್ತೆ, ರೂಮು ಖಾಲಿಯಾಗುತ್ತೆ, ಒಂದಿಷ್ಟು ದುಡ್ಡೂ ಸಿಗುತ್ತೆ. ಆಮೇಲೊಂದು ದಿನ ಆಡಿಟರ್ ಬಂದು ‘ಈ ಲ್ಯಾಪ್‌ಟಾಪ್‌ಗಳು ಎಲ್ಲಿಗೆ ಹೋದವು, ಒಳಗಿದ್ದ ಡಿಸ್ಕ್ ಏನಾಯಿತು?’ ಅಂದಾಗ ತೋರಿಸೋಕೆ ಒಂದು ಕ್ಯಾಶ್ ರಸೀದಿ ಬಿಟ್ಟರೆ ಏನೂ ಇರಲ್ಲ.

ಕೊಳ್ಳುವವರನ್ನು ಕರೆಯೋದು ಈ ಕೆಲಸದಲ್ಲಿ ಆರನೇ ಹಂತ. ಅದಕ್ಕೂ ಮೊದಲಿನ ಐದು ಹಂತ ನಿಮ್ಮ ಆಫೀಸಿನ ಒಳಗೇ ಮುಗಿಯಬೇಕು. ಮಾಲು ಒಮ್ಮೆ ಗೇಟು ದಾಟಿತು ಅಂದರೆ ತಪ್ಪಿದ್ದನ್ನು ಸರಿಮಾಡೋಕೆ ದಾರಿಯೇ ಇರಲ್ಲ. ಈ ಬರಹ ಕರ್ನಾಟಕದಲ್ಲಿ ಆಫೀಸು, ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘ, ಸಣ್ಣ ಕಾರ್ಖಾನೆ ನಡೆಸುವವರಿಗಾಗಿ.

ಕೈಯಲ್ಲಿ ಇರಬೇಕಾದ ಸಾಮಾನು

ಅಸೆಟ್ ರಿಜಿಸ್ಟರ್, ಪ್ಲಾಟ್‌ಫಾರ್ಮ್ ತಕ್ಕಡಿ, ಸಣ್ಣ ಸ್ಕ್ರೂಡ್ರೈವರ್ ಸೆಟ್, ಇನ್ಸುಲೇಷನ್ ಟೇಪ್, ಒಣ ಮರಳು ತುಂಬಿದ ಕಬ್ಬಿಣದ ಬಕೆಟ್, ದಪ್ಪ ಗ್ಲೌಸ್, ಗಾಗಲ್ಸ್, ಮಾರ್ಕರ್, ನಂಬರ್ ಇರುವ ಪ್ಲಾಸ್ಟಿಕ್ ಸೀಲ್. ಬೀಗ ಹಾಕಬಹುದಾದ, ನೀರು ಸೋರದ ಒಂದು ರೂಮು. ಐಟಿ, ಅಡ್ಮಿನ್, ಅಕೌಂಟ್ಸ್, ಮೂರೂ ಕಡೆಯಿಂದ ಒಬ್ಬೊಬ್ಬರು. ಈ ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಕೆಲಸ ಕುಂಟುತ್ತೆ. ಐಟಿಯವರಿಗೆ ಡಿಸ್ಕ್ ಗೊತ್ತು, ಅಕೌಂಟ್ಸ್‌ನವರಿಗೆ ಪುಸ್ತಕದ ಬೆಲೆ ಗೊತ್ತು, ಟೆಂಪೋ ಬರುವ ದಿನ ಗೇಟಿನಲ್ಲಿ ನಿಲ್ಲುವವರು ಅಡ್ಮಿನ್‌ನವರು.

ಹಂತ 1: ನಿಯಮದ ಪ್ರಕಾರ ನೀವು ಯಾರು?

ಈಗ ಜಾರಿಯಲ್ಲಿರುವುದು ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022. ಇವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. 2016ರ ಹಳೇ ನಿಯಮ ಅಲ್ಲಿಗೆ ಮುಗಿಯಿತು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಆರನೇ ಹಂತದಲ್ಲಿ ಬೇಕಾಗುತ್ತೆ.

ಒಂದು ಹಣಕಾಸು ವರ್ಷದಲ್ಲಿ ಯಾವಾಗಲಾದರೂ ಕನಿಷ್ಠ 1000 ಉಪಕರಣ ಬಳಸಿದ ಸಂಸ್ಥೆ ‘ಬಲ್ಕ್ ಕನ್ಸ್ಯೂಮರ್’ ಆಗುತ್ತೆ. ‘ನಮ್ಮಲ್ಲಿ ಇರೋದೇ 300 ಕಂಪ್ಯೂಟರ್’ ಅಂತ ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಆದರೆ ನಿಯಮದ ಪಟ್ಟಿಯಲ್ಲಿ 100ಕ್ಕೂ ಹೆಚ್ಚು ಬಗೆಯ ಉಪಕರಣಗಳಿವೆ. ಪ್ರಿಂಟರ್, ಯುಪಿಎಸ್, ರೂಟರ್, ಮೊಬೈಲ್, ಟ್ಯಾಬ್, ಏಸಿ, ಫ್ರಿಜ್, ಪಾದರಸ ಇರುವ ಟ್ಯೂಬ್‌ಲೈಟ್, ಚಾವಣಿ ಮೇಲಿನ ಸೋಲಾರ್ ಪ್ಯಾನೆಲ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಧ್ಯಮ ಗಾತ್ರದ ಕಾಲೇಜು ಕೂಡ 1000 ಸುಲಭವಾಗಿ ದಾಟುತ್ತೆ.

ಬಲ್ಕ್ ಕನ್ಸ್ಯೂಮರ್ ಆದವರ ಮೇಲಿನ ಹೊಣೆ ಒಂದೇ ಸಾಲಿನದು: ಇ-ವೇಸ್ಟನ್ನು ನೋಂದಾಯಿತ ಉತ್ಪಾದಕ (ಬ್ರ್ಯಾಂಡಿನ ಕಂಪನಿ ಅಥವಾ ಆಮದು ಮಾಡಿ ಮಾರುವವರು), ರಿಫರ್ಬಿಷರ್ (ಹಳೇ ಮೆಷಿನ್ ರಿಪೇರಿ ಮಾಡಿ ಮತ್ತೆ ಬಳಕೆಗೆ ತರುವವರು) ಅಥವಾ ರಿಸೈಕ್ಲರ್‌ಗೆ ಮಾತ್ರ ಕೊಡಬೇಕು. ಬೇರೆ ಯಾರಿಗೂ ಕೊಡುವಂತಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ ದಂಡ ಈಗ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ಇದೆ. ಪರಿಸರಕ್ಕೆ ಆದ ಹಾನಿಗೆ ಕಟ್ಟಬೇಕಾದ ಪರಿಹಾರದ ಮೊತ್ತ ಬೇರೆ.

ಎಂಎಸ್‌ಎಂಇ ಕಾಯ್ದೆಯ ಪ್ರಕಾರ ‘ಮೈಕ್ರೋ’ ಆಗಿರುವ ಕಿರು ಉದ್ಯಮಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. 2025ರ ಏಪ್ರಿಲ್‌ನಿಂದ ಇದರ ಮಿತಿ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ. ವಿನಾಯಿತಿ ಸಿಕ್ಕಿತು ಅಂತ ಗುಜರಿಗೆ ಹಾಕಬೇಡಿ. ನಿಮ್ಮ ಗ್ರಾಹಕರ ಡೇಟಾಗೆ ಯಾವ ವಿನಾಯಿತಿಯೂ ಇಲ್ಲ.

ಇನ್ನೊಂದು ಗೊಂದಲ ಇಪಿಆರ್ ಬಗ್ಗೆ, ಅಂದರೆ ತಾವು ಮಾರಿದ ಉಪಕರಣ ಹಳೆಯದಾದ ಮೇಲೆ ರಿಸೈಕಲ್ ಆಗುವಂತೆ ನೋಡಿಕೊಳ್ಳುವ ಉತ್ಪಾದಕರ ಹೊಣೆಯ ಬಗ್ಗೆ. ‘ನಾವೂ ಇಪಿಆರ್ ಸರ್ಟಿಫಿಕೇಟ್ ತಗೋಬೇಕಾ?’ ಅಂತ ಕೇಳುವವರು ಜಾಸ್ತಿ. ಉಪಕರಣ ತಯಾರಿಸಿ, ಸ್ವಂತ ಬ್ರ್ಯಾಂಡಿನಲ್ಲಿ ಮಾರುವ ಅಥವಾ ವಿದೇಶದಿಂದ ತಂದು ಮಾರುವವರಿಗೆ ಅದು ಬೇಕು. ಸುಮ್ನೆ ಬಳಸಿ ಬಿಸಾಡುವ ಆಫೀಸಿಗೆ ಬೇಡ. ನಿಮಗೆ ‘ಇಪಿಆರ್ ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ’ ಅಂತ ಯಾರಾದರೂ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಹಂತ 2: ಪಟ್ಟಿ ಮಾಡಿ, ನಿಮ್ಮದಲ್ಲದ್ದನ್ನು ಪಕ್ಕಕ್ಕಿಡಿ

ಒಂದು ಶೀಟಿನಲ್ಲಿ ಪ್ರತಿ ವಸ್ತುವಿಗೆ ಒಂದು ಸಾಲು. ಅಸೆಟ್ ಟ್ಯಾಗ್, ಬ್ರ್ಯಾಂಡ್, ಮಾಡೆಲ್, ಸೀರಿಯಲ್ ನಂಬರ್, ಒಳಗೆ ಡಿಸ್ಕ್ ಇದೆಯೋ ಇಲ್ಲವೋ, ಕೆಲಸ ಮಾಡುತ್ತೋ ಇಲ್ಲವೋ. ‘ಮಾನಿಟರ್ 22, ಸಿಪಿಯು 18’ ಅಂತ ಬರೆದ ಪಟ್ಟಿಯಿಂದ ಏನೂ ಪ್ರಯೋಜನ ಇಲ್ಲ. ಸೀರಿಯಲ್ ನಂಬರ್ ಇಲ್ಲದ ಪಟ್ಟಿಗೆ ಮುಂದೆ ಯಾವ ಸರ್ಟಿಫಿಕೇಟನ್ನೂ ಜೋಡಿಸೋಕೆ ಆಗಲ್ಲ.

ಪಟ್ಟಿ ಮಾಡುವಾಗಲೇ ಪ್ರತಿ ಕ್ಯಾಬಿನೆಟ್ಟನ್ನೂ ಎತ್ತಿ ನೋಡಿ. ಹಗುರವಾಗಿದ್ದರೆ ಪಕ್ಕದ ಪ್ಯಾನೆಲ್ ಬಿಚ್ಚಿ. ಎಷ್ಟೋ ಸ್ಟೋರ್ ರೂಮುಗಳಲ್ಲಿ ರ‍್ಯಾಮ್, ಪ್ರೊಸೆಸರ್, ಡಿಸ್ಕ್ ಯಾವಾಗಲೋ ಮಾಯವಾಗಿ ಬರೀ ತಗಡಿನ ಡಬ್ಬ ಉಳಿದಿರುತ್ತೆ. ಇದನ್ನು ಈಗಲೇ ಫೋಟೋ ಸಮೇತ ಬರೆದಿಡಬೇಕು. ಇಲ್ಲದಿದ್ದರೆ ಆಮೇಲೆ ‘ನೀವು ಕೊಟ್ಟಾಗಲೇ ಇರಲಿಲ್ಲ’ ಅಂತ ಕೊಂಡವರು, ‘ಇತ್ತು’ ಅಂತ ನೀವು.

ನಿಮ್ಮದಲ್ಲದ ವಸ್ತುಗಳು ಈ ಗುಡ್ಡೆಯಲ್ಲಿ ಖಂಡಿತ ಇರುತ್ತವೆ. ಲೀಸ್‌ಗೆ ತಂದ ಲ್ಯಾಪ್‌ಟಾಪ್, ಬಾಡಿಗೆಯ ಜೆರಾಕ್ಸ್ ಮೆಷಿನ್, ಬ್ಯಾಂಕ್ ಕೊಟ್ಟ ಕಾರ್ಡ್ ಸ್ವೈಪ್ ಮೆಷಿನ್, ಇಂಟರ್ನೆಟ್ ಕಂಪನಿಯ ಮೋಡೆಮ್. ಇವನ್ನು ಕೊಟ್ಟವರಿಗೇ ವಾಪಸ್ ಮಾಡಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಒಂದು ವಿಶೇಷ ಸೂಚನೆ: ಎಸ್‌ಟಿಪಿಐ ಅಥವಾ ಎಸ್‌ಇಝಡ್ ಯೋಜನೆಯಡಿ ಸುಂಕ ಇಲ್ಲದೆ ತರಿಸಿದ ಸಾಮಾನಿದ್ದರೆ, ಅದು ಎಷ್ಟೇ ಹಳೆಯದಾದರೂ ಡಿಬಾಂಡಿಂಗ್ (ಸುಂಕದ ಲೆಕ್ಕ ಮುಗಿಸಿ ಪಡೆಯುವ ಅನುಮತಿ) ಆಗದೆ ಆವರಣ ಬಿಡುವಂತಿಲ್ಲ. ಈ ಒಂದು ಕೆಲಸಕ್ಕೇ ವಾರಗಟ್ಟಲೆ ಹಿಡಿಯುತ್ತೆ, ಹಾಗಾಗಿ ಮೊದಲೇ ಶುರು ಮಾಡಿ. ಆಸ್ಪತ್ರೆಯವರು ಅಲ್ಟ್ರಾಸೌಂಡ್ ಮೆಷಿನ್ ಮುಟ್ಟುವ ಮೊದಲು ಪಿಸಿಪಿಎನ್‌ಡಿಟಿ ಕಾಯ್ದೆಯ (ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು) ಜಿಲ್ಲಾ ಪ್ರಾಧಿಕಾರದ ಜೊತೆ ಮಾತಾಡಬೇಕು. ಅದು ಕೆಟ್ಟು ಮೂಲೆ ಸೇರಿದ್ದರೂ ಅಷ್ಟೇ.

ಅಕೌಂಟ್ಸ್‌ನವರಿಂದ ಬರುವ ತಕರಾರು ಒಂದಿದೆ: ‘ಪುಸ್ತಕದಲ್ಲಿ ಇನ್ನೂ ಬೆಲೆ ಇದೆ, ಸೊನ್ನೆ ಆಗಲಿ ತಡೀರಿ.’ ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40 ಶೇಕಡಾ ಸವಕಳಿ. ಉಳಿದದ್ದರ ಮೇಲೆ ಶೇಕಡಾ ಹಾಕುತ್ತಾ ಹೋದರೆ ಅದು ಸೊನ್ನೆ ಆಗುವುದೇ ಇಲ್ಲ. ಕಾದಷ್ಟೂ ಬ್ಯಾಟರಿ ಊದುತ್ತೆ, ಮರುಬಳಕೆಯ ಬೆಲೆ ಇಳಿಯುತ್ತೆ. ರೈಟ್-ಆಫ್‌ಗೆ (ಪುಸ್ತಕದಿಂದ ತೆಗೆದುಹಾಕೋಕೆ) ಸಹಿ ಈ ಹಂತದಲ್ಲೇ ಹಾಕಿಸಿಕೊಳ್ಳಿ.

ಹಂತ 3: ಅಪಾಯದ ವಸ್ತುಗಳನ್ನು ಮೊದಲು ಬೇರೆ ಮಾಡಿ

ಬ್ಯಾಟರಿಯಿಂದ ಶುರು ಮಾಡಿ. ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಟೇಬಲ್ ಮೇಲಿಟ್ಟಾಗ ಲ್ಯಾಪ್‌ಟಾಪ್ ಅಲ್ಲಾಡಿದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿದೆ ಎಂದರ್ಥ. ಅದನ್ನು ಚಾರ್ಜ್‌ಗೆ ಹಾಕಬಾರದು. ಒತ್ತಿ ಒಳಗೆ ಕೂರಿಸೋಕೆ ಹೋಗಬಾರದು. ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯುವುದಂತೂ ಬೇಡವೇ ಬೇಡ, ತೂತಾದರೆ ಬೆಂಕಿ. ಸುಲಭವಾಗಿ ಕಳಚಿಕೊಂಡರೆ ಟರ್ಮಿನಲ್‌ಗೆ ಟೇಪ್ ಸುತ್ತಿ ಮರಳಿನ ಬಕೆಟ್‌ನಲ್ಲಿ ಒಂದರ ಮೇಲೊಂದು ಬರದಂತೆ ಇಡಿ. ಬರದಿದ್ದರೆ ಇಡೀ ಲ್ಯಾಪ್‌ಟಾಪನ್ನೇ ಬೇರೆ ಇಟ್ಟು ಕೆಂಪು ಗುರುತು ಹಾಕಿ, ಒಯ್ಯುವವರಿಗೆ ಮೊದಲೇ ಹೇಳಿ. ಊದದ ಬ್ಯಾಟರಿಗಳಿಗೂ ಟೇಪ್ ಬೇಕು. ಎರಡು ಟರ್ಮಿನಲ್‌ಗೆ ಒಂದು ಕೀಚೈನ್ ತಾಗಿದರೂ ಸಾಕು, ಕಿಡಿ ಹಾರುತ್ತೆ.

ಯುಪಿಎಸ್‌ನ ದೊಡ್ಡ ಬ್ಯಾಟರಿಗಳು ಇ-ವೇಸ್ಟ್ ನಿಯಮಕ್ಕೆ ಬರುವುದೇ ಇಲ್ಲ. ಅವಕ್ಕೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಬೇರೆ ಇವೆ. ಯುಪಿಎಸ್ ಡಬ್ಬ ಇ-ವೇಸ್ಟ್, ಒಳಗಿನ ಬ್ಯಾಟರಿ ಬೇರೆ ದಾರಿ. ಸೀಸಕ್ಕೆ ಒಳ್ಳೇ ಬೆಲೆ ಇರುವುದರಿಂದ ಗುಜರಿಯವರು ಮೊದಲು ಕಣ್ಣು ಹಾಕೋದೇ ಇದರ ಮೇಲೆ. ತೂಕ ಇಳಿಸೋಕೆ ಆಸಿಡ್ ಚರಂಡಿಗೆ ಸುರಿದು ಒಯ್ಯುವುದೂ ಉಂಟು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಡೀಲರ್‌ಗೆ ಕೊಟ್ಟು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಸಣ್ಣ ಆಫೀಸಿಗೆ ಎಲ್ಲಕ್ಕಿಂತ ಸುಲಭ. ಅಲ್ಲಿಯವರೆಗೆ ನೆಟ್ಟಗೆ ನಿಲ್ಲಿಸಿಡಿ, ಅಡ್ಡ ಮಲಗಿಸಬೇಡಿ.

ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್‌ನಲ್ಲಿ ಪಾದರಸ ಇದೆ. ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇಡಿ. ಒಡೆದರೆ ಕಿಟಕಿ ತೆಗೆದು ಎಲ್ಲರನ್ನೂ ಹೊರಗೆ ಕಳಿಸಿ, ಆಮೇಲೆ ಗ್ಲೌಸ್ ಹಾಕಿ ರಟ್ಟಿನಿಂದ ಬಾಚಿ, ಒದ್ದೆ ಕಾಗದದಿಂದ ಒರೆಸಿ ಮುಚ್ಚಳದ ಡಬ್ಬಕ್ಕೆ ಹಾಕಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ.

ಹಳೇ ಡಬ್ಬ ಮಾನಿಟರ್‌ಗಳ ಗಾಜಿನಲ್ಲಿ ಸೀಸ ಇರುತ್ತೆ. ಹಿಂಭಾಗದ ಕತ್ತು ಮುರಿಯದಂತೆ, ಪರದೆ ಮೈ ಕಡೆ ಬರುವಂತೆ ಹಿಡಿದು ಎತ್ತಬೇಕು. ಏಸಿ ಮತ್ತು ಫ್ರಿಜ್ ಇದ್ದರೆ ಅದರ ಗ್ಯಾಸನ್ನು ಯಾರು, ಹೇಗೆ ತುಂಬಿಕೊಂಡು ಹೋಗುತ್ತಾರೆ ಅಂತ ಕೇಳಿ. ‘ಪೈಪ್ ಕಟ್ ಮಾಡಿದರೆ ಆಯ್ತು ಸಾರ್’ ಅನ್ನುವವರಿಗೆ ಕೊಡಬೇಡಿ.

ಹಂತ 4: ಡೇಟಾ ಅಳಿಸುವುದು

ಅತಿ ಹೆಚ್ಚು ಜನ ಸೋಲುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೋಗೋಣ.

‘ಫಾರ್ಮ್ಯಾಟ್ ಮಾಡಿದ್ದೀವಿ’ ಅನ್ನುವುದು ಉತ್ತರ ಅಲ್ಲ. ಸಾಮಾನ್ಯ ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದು ಹಾಕಿದ ಹಾಗೆ, ಪುಟಗಳೆಲ್ಲ ಒಳಗೇ ಇರುತ್ತವೆ. ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರ್ ಸಾಕು, ಸಂಬಳದ ಶೀಟು, ಆಧಾರ್ ಸ್ಕ್ಯಾನು ವಾಪಸ್ ಬರುತ್ತೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಡೇಟಾ ಕಾಪಾಡಲು ತಕ್ಕ ಎಚ್ಚರಿಕೆ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ.

ಮೊದಲು ಡಿಸ್ಕ್ ಯಾವ ಬಗೆಯದು ನೋಡಿ. ತಿರುಗುವ ಹಳೇ ಹಾರ್ಡ್ ಡಿಸ್ಕ್ ಆದರೆ ಇಡೀ ಡಿಸ್ಕಿನ ಮೇಲೆ ಒಂದು ಸಲ ಪೂರ್ತಿ ಬರೆದು, ಬರೆದದ್ದನ್ನು ಪರೀಕ್ಷಿಸಿದರೆ ಸಾಕು. ಏಳು ಸಲ, ಮೂವತ್ತೈದು ಸಲ ಅನ್ನುವುದು ಹಳೇ ಕಾಲದ ಮಾತು. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್) ಆದರೆ ಈ ವಿಧಾನ ಕೈಕೊಡುತ್ತೆ. ಅದು ತನ್ನ ಕೋಶಗಳು ಸವೆಯದಿರಲಿ ಅಂತ ಬರಹವನ್ನು ಜಾಗ ಬದಲಿಸುತ್ತಾ ಇರುತ್ತೆ. ಹಾಗಾಗಿ ಕೆಲವು ಕೋಶಗಳಿಗೆ ನಿಮ್ಮ ಅಳಿಸುವಿಕೆ ತಲುಪುವುದೇ ಇಲ್ಲ. ಅದಕ್ಕೆ ಡ್ರೈವ್‌ನಲ್ಲೇ ಇರುವ ಸೆಕ್ಯೂರ್ ಎರೇಸ್ ಅಥವಾ ಸ್ಯಾನಿಟೈಸ್ ಆದೇಶ ಕೊಡಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳ ಬಯೋಸ್ ಮೆನುವಿನಲ್ಲೇ ಇದು ಸಿಗುತ್ತೆ. ಡಿಸ್ಕ್ ಮೊದಲ ದಿನದಿಂದಲೇ ಬಿಟ್‌ಲಾಕರ್‌ನಂಥ ಎನ್‌ಕ್ರಿಪ್ಷನ್‌ನಲ್ಲಿ ಇದ್ದರೆ ಕೆಲಸ ಇನ್ನೂ ಹಗುರ: ಕೀಲಿ ಮತ್ತು ಅದರ ಎಲ್ಲ ಬ್ಯಾಕಪ್ ನಾಶ ಮಾಡಿದರೆ ಒಳಗಿನದು ಓದಲು ಬಾರದ ಕಸ.

ಡಿಸ್ಕ್ ಕೆಟ್ಟುಹೋಗಿದ್ದು ಅಳಿಸೋಕೇ ಆಗದಿದ್ದರೆ ಒಡೆಯುವುದೊಂದೇ ದಾರಿ. ಹಾರ್ಡ್ ಡಿಸ್ಕ್‌ಗೆ ಡ್ರಿಲ್ ಹಾಕುವಾಗ ಗಾಗಲ್ಸ್ ಬಿಡಬೇಡಿ, ಲ್ಯಾಪ್‌ಟಾಪ್ ಡಿಸ್ಕ್‌ಗಳ ತಟ್ಟೆ ಎಷ್ಟೋ ಸಲ ಗಾಜಿನದು, ಚೂರು ಚೂರಾಗಿ ಸಿಡಿಯುತ್ತೆ. ಎಸ್‌ಎಸ್‌ಡಿಗೆ ಒಂದು ತೂತು ಸಾಲದು. ಒಳಗಿನ ಬೋರ್ಡಿನಲ್ಲಿ ಬೆರಳುಗುರಿನಷ್ಟಿರುವ ಕಪ್ಪು ಚಿಪ್‌ಗಳು ಸಾಲಾಗಿರುತ್ತವೆ, ಒಂದೊಂದೂ ಒಡೆಯಬೇಕು. ಡಿಗಾಸರ್ ಅನ್ನುವ ಆಯಸ್ಕಾಂತದ ಯಂತ್ರ ಹಾರ್ಡ್ ಡಿಸ್ಕ್‌ಗೆ ಕೆಲಸ ಮಾಡುತ್ತೆ, ಎಸ್‌ಎಸ್‌ಡಿಗೆ ಏನೂ ಮಾಡಲ್ಲ. ಎಸ್‌ಎಸ್‌ಡಿಯನ್ನೂ ‘ಡಿಗಾಸ್ ಮಾಡಿದ್ದೇವೆ’ ಅಂತ ಸರ್ಟಿಫಿಕೇಟ್ ಕೊಟ್ಟರೆ ಅವರಿಗೆ ಕೆಲಸ ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಕಂಪ್ಯೂಟರ್ ಬಿಟ್ಟು ಬೇರೆ ಕಡೆ ಅಡಗಿರುವ ಡೇಟಾ ಮರೆಯಬೇಡಿ. ದೊಡ್ಡ ಜೆರಾಕ್ಸ್ ಮೆಷಿನ್ ಒಳಗೆ ಹಾರ್ಡ್ ಡಿಸ್ಕ್ ಇರುತ್ತೆ, ಕಾಪಿ ಮಾಡಿದ ಕಾಗದಗಳ ಚಿತ್ರ ಅದರಲ್ಲಿ ಉಳಿದಿರಬಹುದು. ಸಿಸಿಟಿವಿಯ ಡಿವಿಆರ್, ಬೆರಳಚ್ಚು ಹಾಜರಾತಿ ಯಂತ್ರ, ವೈಫೈ ರೂಟರ್, ಹಳೇ ಫೋನಿನೊಳಗೆ ಉಳಿದ ಸಿಮ್ ಮತ್ತು ಮೆಮೊರಿ ಕಾರ್ಡ್, ಒಂದೊಂದನ್ನೂ ನೋಡಬೇಕು.

ಅಳಿಸಿದ ಮೇಲೆ ಡಿಸ್ಕಿನ ಸೀರಿಯಲ್ ನಂಬರ್, ವಿಧಾನ, ದಿನಾಂಕ, ಮಾಡಿದವರ ಸಹಿ ಪಟ್ಟಿಯಲ್ಲಿ ಬರಲಿ. ಲ್ಯಾಪ್‌ಟಾಪಿನ ಸೀರಿಯಲ್ ಬೇರೆ, ಡಿಸ್ಕಿನದು ಬೇರೆ. ಎರಡೂ ಬೇಕು.

ಹಂತ 5: ಇನ್ನೂ ಓಡುವುದನ್ನು ಬೇರೆ ಮಾಡಿ

ಕೆಲಸ ಮಾಡುವ ಲ್ಯಾಪ್‌ಟಾಪ್ ಪುಡಿ ಮಾಡೋಕೆ ಹೋಗಬಾರದು, ರಿಫರ್ಬಿಷರ್‌ಗೆ ಹೋಗಬೇಕು. ಬೆಲೆಯೂ ಜಾಸ್ತಿ. ಆದರೆ ಬಯೋಸ್ ಪಾಸ್‌ವರ್ಡ್, ಕಂಪನಿಯ ಎಂಡಿಎಂ (ದೂರದಿಂದಲೇ ಮೆಷಿನ್ ನಿಯಂತ್ರಿಸುವ ಸಾಫ್ಟ್‌ವೇರ್) ಲಾಕ್, ಆಪಲ್ ಅಥವಾ ಗೂಗಲ್ ಖಾತೆಯ ಲಾಕ್ ತೆಗೆಯದೆ ಕಳಿಸಿದರೆ ಒಳ್ಳೇ ಮೆಷಿನ್ನೂ ಕೆ.ಜಿ. ಲೆಕ್ಕಕ್ಕೆ ಇಳಿಯುತ್ತೆ. ನೌಕರ ಕೆಲಸ ಬಿಟ್ಟು ಹೋದ ಮೇಲೆ ಅವರ ಆಪಲ್ ಐಡಿ ತೆಗೆಸುವುದು ಎಷ್ಟು ಕಷ್ಟ ಅಂತ ಐಟಿಯವರನ್ನು ಕೇಳಿ ನೋಡಿ.

ಶಾಲೆಗೆ ದಾನ ಕೊಡುವ ಯೋಚನೆ ಇದ್ದರೆ ಓಡುವ ಮೆಷಿನ್ ಮಾತ್ರ ಕೊಡಿ, ಚಾರ್ಜರ್ ಸಮೇತ. ಕೆಟ್ಟದ್ದನ್ನು ಕೊಟ್ಟರೆ ನಿಮ್ಮ ಇ-ವೇಸ್ಟ್ ಆ ಶಾಲೆಯ ಇ-ವೇಸ್ಟ್ ಆಯಿತು, ಅಷ್ಟೇ.

ಹಂತ 6: ಕೊಳ್ಳುವವರನ್ನು ಪರೀಕ್ಷೆ ಮಾಡಿ

ಈಗ ಫೋನ್ ಮಾಡಬಹುದು. ಆದರೆ ಬೆಲೆ ಕೇಳೋಕೆ ಇನ್ನೂ ಸಮಯ ಆಗಿಲ್ಲ, ಮೊದಲು ಕಾಗದ ಕೇಳಿ.

2022ರ ನಿಯಮದಲ್ಲಿ ನೋಂದಣಿ ಇರುವುದು ನಾಲ್ಕೇ ಬಗೆಗೆ: ತಯಾರಕ, ಉತ್ಪಾದಕ, ರಿಫರ್ಬಿಷರ್, ರಿಸೈಕ್ಲರ್. ‘ಡಿಸ್ಮ್ಯಾಂಟ್ಲರ್’, ‘ಕಲೆಕ್ಷನ್ ಸೆಂಟರ್’ ಅನ್ನುವ ಹಳೇ ಅಧಿಕಾರ ಪತ್ರ ತೋರಿಸಿದರೆ ಅದು 2016ರ ನಿಯಮದ್ದು. ಬಣ್ಣದ ಜೆರಾಕ್ಸ್ ನೋಡಿ ಮರುಳಾಗಬೇಡಿ. ಜಿಎಸ್‌ಟಿ ನಂಬರ್, ಐಎಸ್‌ಒ ಪತ್ರ, ಎಂಎಸ್‌ಎಂಇ ನೋಂದಣಿ ಯಾವುದೂ ಇದಕ್ಕೆ ಬದಲಿ ಆಗಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ವೇಸ್ಟ್ ಪೋರ್ಟಲ್‌ನಲ್ಲಿ ನೋಂದಾಯಿತರ ಪಟ್ಟಿ ಇದೆ. ಅವರು ಕಳಿಸಿದ ಪಿಡಿಎಫ್ ನಂಬದೆ ನೀವೇ ಅಲ್ಲಿ ಹುಡುಕಿ. ನೋಡಬೇಕಾದದ್ದು: ಕಂಪನಿ ಹೆಸರು ಅಕ್ಷರಶಃ ಅದೇನಾ, ಘಟಕದ ವಿಳಾಸ ಎಲ್ಲಿದೆ, ನಿಮ್ಮ ಬಗೆಯ ಉಪಕರಣಕ್ಕೆ ಅನುಮತಿ ಇದೆಯಾ, ವರ್ಷಕ್ಕೆ ಎಷ್ಟು ಟನ್ ಸಾಮರ್ಥ್ಯ, ಅವಧಿ ಮುಗಿದಿದೆಯಾ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಘಟಕ ನಡೆಸೋಕೆ ಕೊಡುವ ಸಮ್ಮತಿ ಪತ್ರದ ದಿನಾಂಕವನ್ನೂ ನೋಡಿ. ಘಟಕ ಹತ್ತಿರದಲ್ಲಿದ್ದರೆ ಒಂದು ಸಲ ಹೋಗಿಬನ್ನಿ. ಸಾವಿರಾರು ಟನ್ ಸಾಮರ್ಥ್ಯ ಅಂತ ಬರೆದವರ ಜಾಗ ಒಂದು ಶೆಟರ್ ಅಂಗಡಿ ಆಗಿದ್ದರೆ ನಿಮಗೇ ಗೊತ್ತಾಗುತ್ತೆ.

ಅಪಾಯದ ಗುರುತುಗಳು ಇವು:

- ಫೋನಿನಲ್ಲಿ ಮಾತಾಡುವವರು ಒಬ್ಬರು, ಸರ್ಟಿಫಿಕೇಟ್ ಇನ್ನೊಬ್ಬರದು, ದುಡ್ಡು ಬರುವ ಖಾತೆ ಮೂರನೆಯವರದು. ಮಧ್ಯವರ್ತಿಗಳು ನೋಂದಾಯಿತ ಘಟಕದ ಪತ್ರ ಇಟ್ಟುಕೊಂಡು ಮಾಲು ಬೇರೆ ಕಡೆ ಇಳಿಸುವುದು ಹೀಗೇ.
- ‘ಸರ್ಟಿಫಿಕೇಟ್ ಈಗಲೇ ಮೇಲ್ ಮಾಡ್ತೀವಿ’ ಅನ್ನುತ್ತಾರೆ, ಮಾಲು ಇನ್ನೂ ನಿಮ್ಮ ರೂಮಿನಲ್ಲೇ ಇದೆ.
- ಬೋರ್ಡು, ರ‍್ಯಾಮ್, ಲ್ಯಾಪ್‌ಟಾಪ್ ಮಾತ್ರ ಸಾಕು, ಟ್ಯೂಬ್‌ಲೈಟ್, ಡಬ್ಬ ಮಾನಿಟರ್ ಬೇಡ ಅನ್ನುತ್ತಾರೆ.
- ಕ್ಯಾಶ್ ಕೊಡೋಕೆ ಅವಸರ, ಬಿಲ್‌ಗೆ ಸಬೂಬು.

ಹಂತ 7: ಬೆಲೆ ಕೇಳುವ ರೀತಿ

ಇಲ್ಲಿ ಒಂದು ಕಹಿ ಸತ್ಯ ಒಪ್ಪಿಕೊಳ್ಳಬೇಕು: ನೋಂದಾಯಿತ ರಿಸೈಕ್ಲರ್ ಕೊಡುವ ಬೆಲೆ ಸಾಮಾನ್ಯವಾಗಿ ಕಡಿಮೆ. ಹೊಗೆ ಹಿಡಿಯುವ ಯಂತ್ರ, ಕೊಳಚೆ ನೀರಿನ ಶುದ್ಧೀಕರಣ, ಕೆಲಸಗಾರರ ಪಿಎಫ್, ಇಎಸ್‌ಐ, ಉಳಿದ ವಿಷದ ಕಸವನ್ನು ಅಧಿಕೃತ ಜಾಗಕ್ಕೆ ಸಾಗಿಸುವ ಖರ್ಚು, ಎಲ್ಲ ಅವರ ತಲೆ ಮೇಲಿದೆ. ಗಲ್ಲಿಯಲ್ಲಿ ಕೇಬಲ್ ಸುಟ್ಟು ತಾಮ್ರ ತೆಗೆಯುವವರಿಗೆ, ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವವರಿಗೆ ಈ ಯಾವ ಖರ್ಚೂ ಇಲ್ಲ. ಆ ಹೊಗೆ ಕುಡಿಯುವವರ ಆಸ್ಪತ್ರೆ ಬಿಲ್ಲನ್ನು ಯಾರೂ ಕೊಟೇಶನ್‌ಗೆ ಸೇರಿಸಲ್ಲ, ಹಾಗಾಗಿ ಗಲ್ಲಿಯವರಿಗೆ ಜಾಸ್ತಿ ಬೆಲೆ ಕೊಡೋಕೆ ಸಾಧ್ಯ ಆಗುತ್ತೆ.

ಆದ್ದರಿಂದ ‘ಯಾರು ಹೆಚ್ಚು ಕೊಡುತ್ತಾರೋ ಅವರಿಗೆ’ ಅನ್ನುವ ಒಂದೇ ಷರತ್ತಿನ ಹರಾಜು ಮಾಡಿದರೆ ಗೆಲ್ಲುವುದು ಯಾವಾಗಲೂ ತಪ್ಪು ಕೈ. ಎರಡು ಲಕೋಟೆ ಮಾಡಿ. ಮೊದಲನೆಯದರಲ್ಲಿ ನೋಂದಣಿ, ಸಮ್ಮತಿ ಪತ್ರ, ಘಟಕದ ವಿಳಾಸ. ಅದರಲ್ಲಿ ಪಾಸಾದವರ ಬೆಲೆ ಲಕೋಟೆ ಮಾತ್ರ ತೆಗೆಯಿರಿ. ಮೇಲಧಿಕಾರಿಗಳು ‘ಯಾಕೆ ಕಡಿಮೆಗೆ ಕೊಟ್ಟಿರಿ?’ ಅಂದರೆ ತೋರಿಸೋಕೂ ಇದೇ ಕಾಗದ ಬೇಕು.

ಇಡೀ ಗುಡ್ಡೆಗೆ ಒಂದೇ ರೇಟು ಬೇಡ. ಓಡುವ ಲ್ಯಾಪ್‌ಟಾಪ್‌ಗೆ ಪೀಸ್ ಲೆಕ್ಕ, ಸಿಪಿಯು ಮತ್ತು ಸರ್ವರ್‌ಗೆ ಒಂದು ರೇಟು, ಪ್ರಿಂಟರ್‌ಗೆ ಇನ್ನೊಂದು. ಟ್ಯೂಬ್‌ಲೈಟ್, ಡಬ್ಬ ಮಾನಿಟರ್‌ಗೆ ಅವರೇ ನಿಮ್ಮಿಂದ ದುಡ್ಡು ಕೇಳಬಹುದು. ಅದು ಮೋಸ ಅಲ್ಲ, ಅವುಗಳಲ್ಲಿ ಸಿಗುವ ಲೋಹಕ್ಕಿಂತ ಸಂಭಾಳಿಸುವ ಖರ್ಚೇ ಹೆಚ್ಚು. ಎಲ್ಲ ಬಗೆಯನ್ನೂ ಒಯ್ಯಬೇಕು ಅನ್ನುವ ಷರತ್ತು ಬರೆಯಿರಿ, ಇಲ್ಲದಿದ್ದರೆ ಬೆಣ್ಣೆ ಅವರಿಗೆ, ಮಜ್ಜಿಗೆ ನಿಮಗೆ.

ಊರು ಚಿಕ್ಕದಾದರೆ ಸಮಸ್ಯೆಯೇ ಬೇರೆ. ಶಿರಸಿಯ ಒಂದು ಸಹಕಾರಿ ಸಂಘದ 80 ಕೆ.ಜಿ. ಮಾಲಿಗೆ ಬೆಂಗಳೂರಿನಿಂದ ಗಾಡಿ ಬರಲ್ಲ. ಅಕ್ಕಪಕ್ಕದ ಕಾಲೇಜು, ಬ್ಯಾಂಕು, ಆಸ್ಪತ್ರೆ, ಕೈಗಾರಿಕಾ ಸಂಘ ಸೇರಿ ಒಂದೇ ದಿನಕ್ಕೆ ಒಂದು ಗಾಡಿ ತರಿಸಿ. ಆದರೆ ಮಾಲು ಬೆರೆಸಬೇಡಿ. ಪ್ರತಿ ಸಂಸ್ಥೆಗೂ ಬೇರೆ ತೂಕ, ಬೇರೆ ಬಿಲ್, ಬೇರೆ ಸರ್ಟಿಫಿಕೇಟ್. ಈ ಮಾತು ಮೊದಲೇ ಆಗಿರಬೇಕು.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ಕೊಂಡಾಗ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದ ಮೆಷಿನ್ ಮಾರುವಾಗ ಲೆಕ್ಕ ಬೇರೆ ಇದೆ. ಬಿಲ್ ಹಾಕುವ ಮೊದಲೇ ನಿಮ್ಮ ಆಡಿಟರ್‌ಗೆ ತೋರಿಸಿ.

ಹಂತ 8: ಲೋಡ್ ಮಾಡುವ ದಿನ

ತೂಕ ನಿಮ್ಮ ತಕ್ಕಡಿಯಲ್ಲಿ, ನಿಮ್ಮ ಕಣ್ಣೆದುರು ಆಗಬೇಕು. ದೊಡ್ಡ ಲೋಡ್ ಆದರೆ ವೇ ಬ್ರಿಡ್ಜ್‌ನಲ್ಲಿ ಖಾಲಿ ಗಾಡಿ, ತುಂಬಿದ ಗಾಡಿ ಎರಡರ ಚೀಟಿಯೂ ಬೇಕು. ಖಾಲಿ ಗಾಡಿ ತೂಗುವಾಗ ಡ್ರೈವರ್, ಲೋಡಿಂಗ್ ಹುಡುಗರು ಒಳಗೇ ಕೂತು, ತುಂಬಿದ ಮೇಲೆ ಇಳಿದು ನಿಲ್ಲುವುದು ಹಳೇ ಆಟ. ಎರಡೂ ಸಲ ಯಾರು ಎಲ್ಲಿದ್ದಾರೆ ನೋಡಿ.

ಪಟ್ಟಿ ಹಿಡಿದು ಒಂದೊಂದೇ ಟಿಕ್ ಹಾಕುತ್ತಾ ಲೋಡ್ ಮಾಡಿಸಿ. ಅಸೆಟ್ ಸ್ಟಿಕ್ಕರ್ ಕಿತ್ತುಹಾಕಿ, ಆದರೆ ತಯಾರಕರ ಸೀರಿಯಲ್ ನಂಬರ್ ಕೀಳಬೇಡಿ. ಮುಚ್ಚಿದ ಗಾಡಿ ಬಂದರೆ ಒಳ್ಳೆಯದು. ಬಾಗಿಲಿಗೆ ನಂಬರ್ ಸೀಲ್ ಹಾಕಿ ಫೋಟೋ ತೆಗೆಯಿರಿ. ಗೇಟ್ ಪಾಸ್, ಬಿಲ್ ಅಥವಾ ಡೆಲಿವರಿ ಚಲನ್, ಗಾಡಿ ನಂಬರ್ ಎಲ್ಲ ಒಂದಕ್ಕೊಂದು ತಾಳೆಯಾಗಬೇಕು. ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸೋಕೆ ಜಿಎಸ್‌ಟಿಯವರ ಪೋರ್ಟಲ್‌ನಲ್ಲಿ ಮಾಡುವ ದಾಖಲೆ) ಬೇಕು. ಅದರಲ್ಲಿ ತಲುಪುವ ಜಾಗ ನೀವು ಪೋರ್ಟಲ್‌ನಲ್ಲಿ ನೋಡಿದ ಘಟಕದ ವಿಳಾಸವೇ ಆಗಿರಬೇಕು. ಬೇರೆ ಯಾವುದೋ ಗೋಡೌನ್ ಆಗಿದ್ದರೆ ಗಾಡಿ ನಿಲ್ಲಿಸಿ. ಇದು ಕೊನೆಯ ಅವಕಾಶ.

ಸಂಜೆ ಏಳರ ಮೇಲೆ, ಭಾನುವಾರ, ಹಬ್ಬದ ಹಿಂದಿನ ದಿನ ಗಾಡಿ ತರುತ್ತೀವಿ ಅಂದರೆ ಬೇಡ ಅನ್ನಿ. ಆಗ ನಿಮ್ಮ ಕಡೆ ತಾಳೆ ನೋಡೋಕೆ ಜನ ಇರಲ್ಲ.

ಹಂತ 9: ಕಾಗದ ತರಿಸಿ, ತಾಳೆ ನೋಡಿ

ನಿಮಗೆ ಬರಬೇಕಾದದ್ದು ಎರಡು ಬೇರೆ ಬೇರೆ ಪತ್ರ. ಒಂದು, ಮಾಲು ತಲುಪಿ ರಿಸೈಕಲ್ ಆಯಿತು ಅನ್ನುವುದಕ್ಕೆ. ಇನ್ನೊಂದು, ಡಿಸ್ಕ್ ನಾಶ ಮಾಡಿದ್ದಕ್ಕೆ, ಆ ಕೆಲಸವನ್ನು ಅವರಿಗೇ ಒಪ್ಪಿಸಿದ್ದರೆ. ಒಂದನ್ನೇ ಕೊಟ್ಟು ಎರಡಕ್ಕೂ ಆಯಿತು ಅನ್ನುವವರಿದ್ದಾರೆ. ಡಿಸ್ಕಿನ ಸೀರಿಯಲ್ ನಂಬರ್‌ಗಳ ಪಟ್ಟಿ ಇಲ್ಲದ ‘ಡೇಟಾ ಡಿಸ್ಟ್ರಕ್ಷನ್ ಸರ್ಟಿಫಿಕೇಟ್’ ಅಂದರೆ ಚೆಂದದ ಕಾಗದ, ಅಷ್ಟೇ.

ತೂಕ ತಾಳೆ ನೋಡಿ. ನಿಮ್ಮ ಚೀಟಿಯಲ್ಲಿ 612 ಕೆ.ಜಿ. ಇದ್ದು ಅವರ ಪತ್ರದಲ್ಲಿ ‘ಸುಮಾರು 0.5 ಟನ್’ ಅಂತ ಬಂದರೆ ವಾಪಸ್ ಕಳಿಸಿ. ಪತ್ರದ ದಿನಾಂಕ ಗಾಡಿ ಹೋದ ದಿನದ್ದೇ ಆಗಿದ್ದರೂ ಅನುಮಾನ ಪಡಿ. ಮಾಲು ಬಿಚ್ಚಿ, ವಿಂಗಡಿಸಿ, ಸಂಸ್ಕರಿಸೋಕೆ ದಿನ ಹಿಡಿಯುತ್ತೆ. ಹಾಗಂತ ತಿಂಗಳುಗಟ್ಟಲೆ ಸುಮ್ಮನೆ ಕೂರಲೂ ಬೇಡಿ. ರಿಸೈಕ್ಲರ್ ಇ-ವೇಸ್ಟನ್ನು ಸಾಮಾನ್ಯವಾಗಿ 180 ದಿನಕ್ಕಿಂತ ಹೆಚ್ಚು ಕೂಡಿಟ್ಟುಕೊಳ್ಳುವಂತಿಲ್ಲ. ಪತ್ರ ಯಾವ ದಿನದೊಳಗೆ ಕೊಡಬೇಕು ಅನ್ನುವುದನ್ನು ಆರ್ಡರಿನಲ್ಲೇ ಬರೆಯಿರಿ, ಕೊನೆಯ ಕಂತಿನ ಹಣ ಅಥವಾ ಡೆಪಾಸಿಟ್ ಅದಕ್ಕೆ ಕಟ್ಟಿಹಾಕಿ.

ಪಟ್ಟಿ, ಡೇಟಾ ಅಳಿಸಿದ ದಾಖಲೆ, ನೋಂದಣಿಯ ಪೋರ್ಟಲ್ ಪುಟದ ಪ್ರಿಂಟು (ನೋಡಿದ ದಿನಾಂಕ ಸಮೇತ), ಕೊಟೇಶನ್‌ಗಳು, ತೂಕದ ಚೀಟಿ, ಬಿಲ್, ಇ-ವೇ ಬಿಲ್, ಫೋಟೋ, ಎರಡೂ ಸರ್ಟಿಫಿಕೇಟ್ ಎಲ್ಲ ಒಂದೇ ಫೈಲಿನಲ್ಲಿ ಇರಲಿ. ಅಸೆಟ್ ರಿಜಿಸ್ಟರ್‌ನಲ್ಲಿ ಪ್ರತಿ ಸಾಲಿನ ಮುಂದೆ ಈ ಫೈಲಿನ ನಂಬರ್ ಬರೆದ ಮೇಲೆ ಅಕೌಂಟ್ಸ್‌ನವರು ಆ ಸಾಲು ಮುಚ್ಚಬಹುದು.

ಮುಂದಿನ ಸಲ ಹೊಸ ಲ್ಯಾಪ್‌ಟಾಪ್‌ಗೆ ಆರ್ಡರ್ ಹಾಕುವಾಗ ಹಳೆಯದನ್ನು ವಾಪಸ್ ಒಯ್ಯುವ ಷರತ್ತನ್ನು ಅದೇ ಪರ್ಚೇಸ್ ಆರ್ಡರಿನಲ್ಲಿ ಸೇರಿಸಿ, ಎನ್‌ಕ್ರಿಪ್ಷನ್ ಆನ್ ಮಾಡಿಯೇ ನೌಕರರ ಕೈಗೆ ಕೊಡಿ. ನಾಲ್ಕನೇ ಹಂತದ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.